ಟ್ಯಾಂಕು ಬಂತು

ನಮ್ಮಪ್ಪ ಚಾಮಯ್ಯನವರಿಗೆ ಮೆಲ್ಲಗೆ ಮಾತಾಡಿ ಗೊತ್ತೇ ಇಲ್ಲ. ಸೈನ್ಯದಲ್ಲಿ ಫೋನು ಹಿಡಿದು ಕಿರುಚಿ ಪಳಗಿದ ಗಂಟಲು. ಮಂಡ್ಯದಿಂದ ಕೌಲಾಲಂಪುರಕ್ಕೆ ನಮ್ಮನ್ನು ನೋಡಲು ಬಂದವರು, ಲಾಕ್‌ಡೌನಿನಿಂದ ಬ್ರಿಕ್‌ಫೀಲ್ಡ್ಸಿನ ನಮ್ಮ ಫ್ಲ್ಯಾಟಿನಲ್ಲೇ ಉಳಿದರು. ನನ್ನ ಗಂಡ ಸಿಂಗಪುರದಲ್ಲಿ ಸಿಕ್ಕಿಕೊಂಡಿದ್ದರು. ಅಂಥ ಹೊತ್ತಲ್ಲೇ ಆ ಹಾಳು ಕೊರೋನಾ ನನಗೆ ಅಂಟಬೇಕೇ! ನಾನು ಕೋಣೆಯೊಳಗೆ ಬಂದಿ. ಜ್ವರ ಬಿಟ್ಟಿದೆ ಎಂದು ಅಪ್ಪ ಎಷ್ಟು ಹೇಳಿದರೂ ಮಗಳು ಸಮೀಕ್ಷಾ, ಅಮ್ಮ ಸತ್ತುಹೋಗುತ್ತಾಳೆಂದು ಊಟ ಬಿಟ್ಟು ಬಾಗಿಲಾಚೆ ಕೂತಿದ್ದಳು.

"ಮೊದ್ಲು ಮಕಾನ್ ಲಾ," ಎಂದರು ಅಪ್ಪ. ಊಟ ಮಾಡು ಎನ್ನಲು ಎದುರು ಮನೆಯವರಿಂದ ಕಲಿತ ಮಲಯ ಮಾತು. "ತುತ್ತಿಗಿಷ್ಟು ಯುದ್ಧದ ಕತೆ ಹೇಳ್ತೀನಿ."

ನನಗೂ ಹೇಳದ ಕತೆ! ಬಾಗಿಲಿಗೆ ಕಿವಿಯಾನಿಸಿದೆ.

ಎಪ್ಪತ್ತೊಂದರ ಯುದ್ಧ. ರಾಜಸ್ಥಾನದ ಮರಳಲ್ಲೊಂದು ಪುಟ್ಟ ಠಾಣೆ, ಬೆರಳೆಣಿಕೆಯ ಜನ. ನೀರಿನ ಟ್ಯಾಂಕು ಬಾರದೆ ವಾರವಾಗಿತ್ತು. ಒಂದು ರಾತ್ರಿ ದಿಬ್ಬದಾಚೆ ಗುಡುಗುಡು ಸದ್ದು. ಗಾಬರಿಯಲ್ಲಿ ಹಿಂದಿ ಮರೆತ ಅಪ್ಪ ಫೋನಿನಲ್ಲಿ ಕನ್ನಡದಲ್ಲೇ ಕೂಗಿದರು: "ಟ್ಯಾಂಕು ಬಂತು!"

ಗಡಿಯಿಂದ ಹಿಂದಿದ್ದ ಶಿಬಿರದಲ್ಲಿ ಫೋನು ಹಿಡಿದವನು ಉಡುಪಿಯ ಜಯಕರ. "ಬಂತಾ? ಹಾಗಾದ್ರೆ ಮೊದ್ಲು ಸ್ನಾನ ಮಾಡು ಮಾರಾಯ!"

"ನೀರಿಂದಲ್ಲ ಕಣೋ ಮಂಕೆ, ಯುದ್ಧದ್ದು! ಸಾಲುಗಟ್ಟಿ ಬರ್ತಾವೆ!"

ಸಮೀಕ್ಷಾ ಬಿದ್ದು ಬಿದ್ದು ನಕ್ಕಳು. ಒಳಗೆ ನಾನೂ ನಕ್ಕು ಕೆಮ್ಮಿದೆ.

"ವಿಮಾನ ಕಳಿಸ್ತಾರಾ ಕೇಳ್ತೇನೆ, ಇರು," ಎಂದನಂತೆ ಜಯಕರ. ಅಷ್ಟರಲ್ಲಿ ಫೋನಿನ ತಂತಿ ಕಡಿದುಹೋಯಿತು. ಅಪ್ಪ ಸತ್ತ ಫೋನನ್ನೇ ಕಿವಿಗೊತ್ತಿಕೊಂಡು, "ಬೆಳಗಾದ ಕೂಡಲೇ ವಿಮಾನ ಬರುತ್ತಂತೆ!" ಎಂದು ಎಲ್ಲರಿಗೂ ಕೂಗಿ ಹೇಳಿದರು. ಆ ಧೈರ್ಯದ ಮೇಲೆ ಯಾರೂ ಜಾಗ ಬಿಡಲಿಲ್ಲ. ಜೀಪಿಗೆ ಕಟ್ಟಿದ್ದ ಒಂದೇ ತೋಪಿನಿಂದ ಹೊಡೆದರು. ವೈರಿಗಳೋ, ಠಾಣೆಯ ಮುಳ್ಳುತಂತಿ ಕಂಡು ಕೆಳಗೆ ಬಾಂಬು ಹೂತಿದ್ದಾರೆಂದು ಅಲ್ಲೇ ನಿಂತುಬಿಟ್ಟರು. ಇದ್ದದ್ದು ಬರೀ ಮರಳು! ಬೆಳಕು ಹರಿದಾಗ ವಿಮಾನಗಳು ನಿಜವಾಗಿಯೂ ಬಂದವು.

"ತಾತ, ಯು ಲೈಡ್!"

"ಊಂ ಕಣವ್ವ, ಸುಳ್ಳೇ ಹೇಳ್ದೆ."

ಆಮೇಲೆ ಸಣ್ಣ ದನಿ: "ಅಮ್ಮಂಗೆ ಫೀವರ್ ಹೋಯ್ತು ಅಂದಿದ್ದು... ಅದೂ ಸುಳ್ಳಾ?"

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಕನ್ನಡದಲ್ಲಿ ಕೇಳಿದ್ದಳು! ಅಪ್ಪ ಉತ್ತರಿಸುವ ಮೊದಲು ನಾನೇ ಬಾಗಿಲು ಗುದ್ದಿದೆ.

"ಲೇ ಸಮೀಕ್ಷಾ, ನಿಜವಾಗ್ಲೂ ಬಿಟ್ಟಿದೆ ಕಣೇ! ಹೊಟ್ಟೆ ಚುರುಗುಟ್ತಿದೆ. ತಾತ ಮೊಮ್ಮಗಳು ಸೇರಿ ಅನ್ನ ಎಲ್ಲಾ ಖಾಲಿ ಮಾಡಿದ್ರಾ?"

ಆಚೆ ಹುಡುಗಿ ಗೊಳೋ ಎಂದು ಅತ್ತಳು. ಅಳುತ್ತಲೇ ಅಡುಗೆಮನೆಗೆ ಓಡಿದಳು. ಪಾತ್ರೆಗಳು ದಡಬಡ ಎಂದವು.