ನವಿಲು ಮುಟ್ಟದ ಚೆಂಡು

ಆ ಚೆಂಡನ್ನು ನವಿಲು ಮುಟ್ಟಲಿಲ್ಲ. ಮುಟ್ಟಿದವನು ನಾನು. ಕೇಳಿದಾಗ "ನಾನು" ಎನ್ನಬೇಕಿತ್ತು. ಎರಡೇ ಅಕ್ಷರ, ಅಷ್ಟೂ ನನ್ನಿಂದ ಆಗಲಿಲ್ಲ. ಒಂದೂವರೆ ವರ್ಷ ತಪ್ಪನ್ನೆಲ್ಲ ಆ ಪಕ್ಷಿಯ ಮೇಲೆ ಹೊರಿಸಿ ಹೊಟ್ಟೆ ತುಂಬ ಉಂಡೆ.

ನಮ್ಮಪ್ಪ ವಿಜಯಪುರದ ಕಡೆಯಿಂದ ಹೈದರಾಬಾದಿಗೆ ಬಂದು, ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟೆ. ನನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ತಂಗಿ ಅಪ್ಪನ ಬೆನ್ನು ಹತ್ತಿ ಮೈದಾನಕ್ಕೆ ಹೋಗಿ, ಯಾರೋ ಸಾಹೇಬರು ಬಿಸಾಕಿದ ಕೋಲಿನಿಂದ ಆಟ ಕಲಿತಳು. ಆ ಆಟದಿಂದಲೇ ಅವಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮುಂದೆ ನಮ್ಮ ದೇಶದ ಕಾಲೇಜು ಹುಡುಗಿಯರ ತಂಡಕ್ಕೂ ಸೇರಿದಳು. ಥಾಯ್ಲೆಂಡಿನ ಕಾಲೇಜು ಹುಡುಗಿಯರು ಶಂಶಾಬಾದಿನಲ್ಲಿ ವಿಮಾನ ಇಳಿದು ನಮ್ಮ ಹೈದರಾಬಾದಿಗೇ ಆಡಲು ಬಂದರು.

ಆಡುವವರ ಚೀಲ ಹೊರಲು ಒಬ್ಬರು ಬೇಕು. ಅವರಿಗೆ ಕ್ಯಾಡಿ ಎನ್ನುತ್ತಾರೆ. ತಂಗಿ ನನ್ನನ್ನು ಕರೆದಳು.

"ಅಣ್ಣಾ, ನೀನ ಬಾ. ನೀ ಇದ್ರ ನನ್ನ ಕೈ ನಡಗಂಗಿಲ್ಲ."

"ಆ ಆಟ ನಂಗೇನ್ ತಿಳೀತೈತಿ?"

"ತಿಳೀಬಾರ್ದು. ಚೀಲ ಹೊರು, ಸುಮ್ನಿರು. ಚೆಂಡು ಮಾತ್ರ ಮುಟ್ಟಬ್ಯಾಡ. ನೀ ಮುಟ್ಟಿದ್ರ ನನ್ನ ತಲಿಮ್ಯಾಲ ಒಂದು ಹೊಡತ ಜಾಸ್ತಿ ಬೀಳ್ತೈತಿ."

"ಹದಿನಾಲ್ಕು ವರ್ಷ ಗುಂಡು ಮುಟ್ಟೀನಿ. ನಿನ್ನ ಒಂದು ಚೆಂಡು ಮುಟ್ಟದ ಇರಾಕ ಆಗೂದಿಲ್ಲೇನ?"

"ಅದಕ್ಕ ಹೇಳಾಕತ್ತೀನಿ."

ಅವಳ ಚಿಂತೆ ಸರಿಯೇ ಇತ್ತು. ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಬೇರಿಂಗಿನ ಉಕ್ಕಿನ ಗುಂಡುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಕಲೆ ಕಂಡರೆ ಎತ್ತು, ಒರೆಸು, ಬೆಳಕಿಗೆ ಹಿಡಿ, ಇಡು. ಇದಕ್ಕೆ ತಲೆ ಬೇಡ. ಕೈ ತಾನೇ ಮಾಡುತ್ತದೆ.

ಗಾಲ್ಫಿನಲ್ಲಿ ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಹಾಕಿದವರೇ ಗೆದ್ದಂತೆ. ಹದಿನೆಂಟು ಕುಳಿಗಳಲ್ಲಿ ಹದಿನೇಳು ಮುಗಿದಾಗ ತಂಗಿಯೂ ಅವಳ ಎದುರು ಆಡುತ್ತಿದ್ದ ಥಾಯ್ ಹುಡುಗಿಯೂ ಸಮಸಮ. ಉಳಿದವರ ಆಟ ಮುಗಿದು ತಂಡಗಳೂ ಸಮವಾಗಿದ್ದವು. ಆ ಒಂದು ಕುಳಿಯ ಮೇಲೆ ಇಡೀ ಕಪ್ ನಿಂತಿತ್ತು.

ತಂಗಿ ಹೊಡೆದ ಚೆಂಡು ದೂರ ಹೋಯಿತು. ಅವಳು ಬೂಟಿನ ಲಾಡಿ ಕಟ್ಟಿಕೊಳ್ಳುತ್ತ ಹಿಂದೆ ಉಳಿದಳು, ನಾನು ಚೀಲ ಹೊತ್ತು ಮುಂದೆ ನಡೆದೆ. ಹಿಂದಿನ ದಿನ ಮಳೆಯಾಗಿತ್ತು. ಬಿಳಿ ಚೆಂಡು ಮೈತುಂಬ ಕೆಸರು ಮೆತ್ತಿಕೊಂಡು ಬಿದ್ದಿತ್ತು. ಅಯ್ಯೋ ಎನಿಸಿತು. ಎತ್ತಿದೆ, ಅಂಗಿಯ ತುದಿಗೆ ಒರೆಸಿದೆ, ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದೆ. ಮಾಲು ಚಲೋ ಇತ್ತು. ಇಟ್ಟೆ. ಇಟ್ಟ ಮೇಲೆ ತಲೆ ಬಂದು ಕೈಯನ್ನು ಸೇರಿಕೊಂಡಿತು.

ಥಾಯ್ ಹುಡುಗಿಯ ಕಣ್ಣು ಚುರುಕು. ಚೆಂಡು ಉರುಳಿ ಬಂದ ಕೆಸರಿನ ಗೆರೆ ಒಂದು ಕಡೆ ಮುಗಿದಿತ್ತು. ಚೆಂಡು ಅಲ್ಲಿಂದ ಒಂದು ಗೇಣು ಆಚೆ, ಮದುಮಗನ ಹಾಗೆ ಹೊಳೆಯುತ್ತ ಕೂತಿತ್ತು. ಅವಳು ಕೈ ಎತ್ತಿದಳು. ಬಿಳಿ ಟೋಪಿಯ ರೆಫರಿ ಮೇಡಂ ಬ್ಯಾಟರಿ ಗಾಡಿಯಲ್ಲಿ ಬಂದು ನನಗೆ ಇಂಗ್ಲಿಷಿನಲ್ಲಿ ಏನೋ ಕೇಳಿದರು. "ಬಾಲ್" ಒಂದೇ ತಿಳಿಯಿತು. ಆದರೆ ಪ್ರಶ್ನೆ ಪೂರ್ತಿ ತಿಳಿಯಿತು.

ನಾಲ್ಕು ಮಾರು ದೂರದಲ್ಲಿ ಒಂದು ನವಿಲು ಹುಳ ಹೆಕ್ಕುತ್ತಿತ್ತು. ನಮ್ಮ ಶಾಲೆಯ ಗೋಡೆಯ ಮೇಲೆ ಪಿ ಅಕ್ಷರದ ಪಕ್ಕ ನವಿಲು ಬರೆದಿದ್ದರು. ನಾನು ಕಲಿತ ವಿದ್ಯೆ ಜೀವನದಲ್ಲಿ ಮೊದಲ ಸಲ ಕೆಲಸಕ್ಕೆ ಬಂತು.

"ಪೀಕಾಕ್," ಎಂದು ಬೆರಳು ತೋರಿಸಿದೆ.

ನವಿಲು ತನ್ನನ್ನೇ ಕರೆದರೆಂದು ತಿಳಿದು ಕೊರಳೆತ್ತಿ ಒಮ್ಮೆ ಕೂಗಿತು.

ಅಷ್ಟರಲ್ಲಿ ತಂಗಿ ಓಡಿ ಬಂದಳು. "ಅಣ್ಣಾ, ಖರೇನ ನವಿಲು ಮುಟ್ಟೈತೇನ?"

"ಖರೇನ," ಎಂದೆ. ರೆಫರಿಗೆ ಹೇಳಿದ್ದು ಹೆದರಿಕೆಯ ಸುಳ್ಳು. ಇದು ಮಾತ್ರ ನಾನು ಬೇಕೆಂದೇ ಹೇಳಿದ್ದು.

ಪ್ರಾಣಿ ಪಕ್ಷಿ ಮುಟ್ಟಿದರೆ ದಂಡವಿಲ್ಲವಂತೆ. ಚೆಂಡನ್ನು ಮೊದಲಿದ್ದ ಜಾಗಕ್ಕೆ ಇಟ್ಟು ಆಡಬಹುದಂತೆ. ಥಾಯ್ ಹುಡುಗಿ ಚೆಂಡನ್ನು ಬಗ್ಗಿ ನೋಡಿ ಏನೋ ಹೇಳಿ ನಕ್ಕಳು.

"ಏನಂತ?" ಎಂದು ತಂಗಿಯನ್ನು ಕೇಳಿದೆ.

"ಭಾಳ ಸ್ವಚ್ಛ ನವಿಲೈತಿ ಅನ್ನಾಕತ್ತಾಳ."

ತಂಗಿ ಒಂದು ಹೊಡೆತದಿಂದ ಗೆದ್ದಳು, ಕಪ್ ನಮಗೆ ಬಂತು. ನಾನು ಬಾಯಿ ಬಿಟ್ಟಿದ್ದರೆ ದಂಡದ ಹೊಡೆತ ಸೇರಿ ಇಬ್ಬರೂ ಸಮ, ಕಪ್‌ನಲ್ಲಿ ಅರ್ಧ ಆ ಹುಡುಗಿಯರದು. ಅವರು ಪಾಪ, ಹೊರಡುವ ಮೊದಲು ನವಿಲಿನ ಜೊತೆ ನಿಂತು ಫೋಟೊ ತೆಗೆಸಿಕೊಂಡರು.

ಮನೆಯಲ್ಲಿ ನವಿಲಿನದೇ ರಾಜ್ಯವಾಯಿತು. ಅವ್ವ ಬೇಗಂ ಬಜಾರಿನಿಂದ ನವಿಲುಗರಿಯ ಕಟ್ಟು ತಂದು, ತಂಗಿಗೆ ಕೊಟ್ಟ ಪದಕದ ಪಕ್ಕ ಗೋಡೆಗೆ ಸಿಕ್ಕಿಸಿದಳು. ಟಿವಿಯಲ್ಲಿ ನವಿಲು ಬಂದರೆ ಕೈ ಮುಗಿಯುತ್ತಿದ್ದಳು. ಪಕ್ಕದ ಮನೆಯ ತೆಲುಗು ಅತ್ತೆ ಕಂಡಾಗಲೆಲ್ಲ, "ಏಮ್ಮಾ, ಮೀ ನೆಮಲಿ ಬಾಗುಂದಾ?" ಎಂದು ಅವ್ವನಿಗೆ ನವಿಲಿನ ಕ್ಷೇಮ ಕೇಳುತ್ತಿದ್ದರು. ಅವ್ವ ನಾಚಿಕೆಯಿಲ್ಲದೆ, "ಬಾಗುಂದಿ" ಎನ್ನುತ್ತಿದ್ದಳು. ನಾನು ತಲೆ ತಗ್ಗಿಸಿ ಚಪ್ಪಲಿ ಹುಡುಕುತ್ತಿದ್ದೆ.

ಹೀಗೆಯೇ ನಡೆಯುತ್ತಿತ್ತೇನೋ. ಆದರೆ ಹೋದ ಭಾನುವಾರ ತಂಗಿ ಹಾಳೆ ಹಿಡಿದು ಬಂದಳು. ಕಾಲೇಜಿಗೆ ಹೊಸದಾಗಿ ಬಂದ ಆಟಗಾರರಿಗೆ ಅವಳು ನಾಲ್ಕು ಮಾತು ಹೇಳಬೇಕಿತ್ತು. ನಾನು ರೊಟ್ಟಿ ಮುರಿಯುತ್ತಿದ್ದೆ.

"ಇಂಗ್ಲಿಷ್‌ನಾಗ ಬರದೀನಿ. ನಿನಗ ಕನ್ನಡದಾಗ ಹೇಳ್ತೀನಿ, ಕೇಳು. ಗಾಲ್ಫಿನಾಗ ಯಾರು ನೋಡ್ಲಿ ಬಿಡ್ಲಿ, ನಮ್ಮ ತಪ್ಪು ನಾವ ಹೇಳಬೇಕು. ಇದನ್ನ ನಾ ಕಲ್ತದ್ದು ನಮ್ಮಣ್ಣನಿಂದ. ಅವ ನಾಕನೇ ಇಯತ್ತೆ ಕಲ್ತಾನ, ಆದ್ರ ಸುಳ್ಳು ಹೇಳಂಗಿಲ್ಲ. ಇದರ ಮುಂದ ನವಿಲಿನ ಕಥಿ ಬರ್ತೈತಿ. ಹೆಂಗೈತಿ?"

ಮುರಿದ ರೊಟ್ಟಿಯನ್ನು ತಾಟಿಗೆ ಇಟ್ಟೆ. ನೀರು ಕುಡಿದೆ. ಇನ್ನೊಂದು ಲೋಟ ಕುಡಿದೆ.

"ಅದನ್ನ ಹೊಡದ ಹಾಕವಾ."

"ಯಾಕ? ಉದ್ದಾತೇನ?"

"ನವಿಲು ಮುಟ್ಟಿಲ್ಲ."

ಅವಳು ನಕ್ಕಳು. "ಮತ್ತ ಯಾರು ಮುಟ್ಟಿದ್ರು, ನಿಮ್ಮ ಸೂಪರ್‌ವೈಸರ್ರೇನ?"

"ನಾ ಮುಟ್ಟಿದೆ. ಎತ್ತಿ, ಅಂಗೀಲೆ ಒರಸಿ ಇಟ್ಟೆ."

ಅವಳ ನಗು ನಿಂತಿತು. ಗೋಡೆಯ ಮೇಲಿನ ಪದಕವನ್ನೂ ಅದರ ಪಕ್ಕದ ಗರಿಗಳನ್ನೂ ನೋಡಿದಳು. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದೂ ನಿಂತಿತು. ನಾನು ಎಂಜಲು ಕೈಯಲ್ಲೇ ಎದ್ದು ನಿಂತೆ.

"ಆ ಕಪ್‌ನಾಗ ಅರ್ಧ ನಮ್ದಲ್ಲ ತಂಗಿ. ಯಾರಿಗೆ ಹೇಳಬೇಕು ತೋರ್ಸು, ನಾನ ಬಂದು ಹೇಳ್ತೀನಿ. ಇಂಗ್ಲಿಷ್ ನೀ ಹೇಳಿಕೊಡು. ನಿನ್ನ ಚೆಂಡಿನ ಕಲೆ ಒರಸಾಕ ಹೋಗಿ ನಿನ್ನ ಆಟಕ್ಕ ಕಲೆ ಹಚ್ಚಿದೆ. ನೀ ನನ್ನ ಮಾರಿ ನೋಡಿ ಕೇಳಿದಾಗನೂ ಸುಳ್ಳು ಹೇಳಿದೆ. ತಪ್ಪಾತು ತಂಗಿ, ಭಾಳ ತಪ್ಪಾತು. ನನ್ನ ಕ್ಷಮಿಸು."