‘ಹೋಗಿ ಬರ್ರಿ’ ಅಂದರೆ ಏನರ್ಥ?

ಮುಚ್ಚಿದ ಬಾಗಿಲ ಹೊರಗೆ ನಿಂತವನ ಕೈಯಲ್ಲಿ, ಕಿಟಕಿಯ ಸಂದಿಯಿಂದ ಕಂಡಂತೆ, ಪುಸ್ತಕ. ಒಳಗೆ ನಿಂತವಳ ಕೈ ಚಿಲಕದ ಮೇಲೆ. ಕಳೆದ ಗುರುವಾರ ಮಧ್ಯಾಹ್ನ, ಮುನವಳ್ಳಿಯ ಆ ಮನೆಯ ಪಡಸಾಲೆಯಲ್ಲಿ ನಾನು ಚಹಾದ ಕಪ್ಪು ಹಿಡಿದು ಕೂತಿದ್ದೆ.

ಒಳಗಿದ್ದವಳು ಸುಮಿತ್ರಾ. ಎಫ್‌ಎಂ ಕೇಳುವವರಿಗೆ ಸುಮಕ್ಕ. ಬೈಲಹೊಂಗಲದಿಂದ ರಾಮದುರ್ಗದವರೆಗೆ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತುವುದೇ ಇವಳ ದನಿಯ ಜೊತೆಗೆ. ಕಾರ್ಯಕ್ರಮ ಮುಗಿಸುವಾಗ ದಿನವೂ ಒಂದೇ ಮಾತು: “ಮನಿ ಕಡೆ ಬರ್ರಿ ಮತ್ತ!”

(ನಮ್ಮ ಕಡೆ ಇದನ್ನು ಯಾರು ಯಾರಿಗೆ ಹೇಳುವುದಿಲ್ಲ? ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತೇವೆ. ವಿಳಾಸ ಕೊಡುವುದಿಲ್ಲ, ಅಷ್ಟೇ.)

ವಿಳಾಸವನ್ನು ಪುಸ್ತಕ ಕೊಟ್ಟಿತು. ಬೈಲಹೊಂಗಲದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅಭಿಮಾನಿಯೊಬ್ಬರು ಸುಮಕ್ಕನ ಬಗ್ಗೆ ಒಂದು ಗೈಡ್ ಅಚ್ಚು ಹಾಕಿಸಿದ್ದಾರೆ. ಅವಳನ್ನು ಕೇಳಿಲ್ಲ. ಕಿತ್ತೂರಿನಲ್ಲಿ ಅವಳು ಚಹಾ ಕುಡಿಯುವ ಹೋಟೆಲು, ಸವದತ್ತಿಯಲ್ಲಿ ಬಳೆ ಕೊಳ್ಳುವ ಅಂಗಡಿ, ಬಸ್ಸಿನಲ್ಲಿ ಕೂರುವ ಸೀಟು, ಎಲ್ಲ ಫೋಟೋ ಸಮೇತ ಇದೆ. ರಾಮದುರ್ಗದ ಬಸ್ ನಿಲ್ದಾಣದಲ್ಲಿ ನಾನೂ ಒಂದು ಪ್ರತಿ ಕೊಂಡೆ. ನಗುತ್ತಲೇ ಓದಿದೆ. ಕೊನೆಯ ಪುಟದಲ್ಲಿ ನಗು ನಿಂತಿತು: ‘ಮುನವಳ್ಳಿಯಲ್ಲಿ ಹಸಿರು ಬಾಗಿಲ ಮನೆ. ಗುರುವಾರ ರಜೆ. ಮಧ್ಯಾಹ್ನ ಒಬ್ಬರೇ ಇರುತ್ತಾರೆ. ನಿವಾಂತ, ಅವಸರವಿಲ್ಲದೆ ಮಾತಾಡಬಹುದು.’

ಪತ್ರಕರ್ತೆಯಾದ ನಾನು ಅದನ್ನೇ ಕೇಳಲು ಸುಮಿತ್ರಾಳಿಗೆ ಫೋನ್ ಮಾಡಿ, ಅವಳು ಕರೆದ ಮೇಲೆ ಹೋಗಿದ್ದೆ.

“ಅಕ್ಕಾರ, ನಾನರಿ. ಹ್ವಾದ ವಾರ ಬಂದಿದ್ನಲ್ರಿ. ಕರದಂಟ ತಂದೇನಿ,” ಅಂದ ಹೊರಗಿನವನು.

“ಮತ್ತ್ಯಾಕ ಬಂದ್ರಿ?” ಸುಮಿತ್ರಾಳ ದನಿ ರೇಡಿಯೋದ ದನಿಯಾಗಿರಲಿಲ್ಲ.

“ನೀವ ಹೇಳಿದ್ರಲ್ರಿ, ಹೋಗಿ ಬರ್ರಿ ಅಂತ!”

ಅವಳು ನನ್ನತ್ತ ನೋಡಿದಳು. ಹೋದ ವಾರ ಅವನನ್ನು ಸಾಗಹಾಕಲು ಆಡಿದ ಮಾತದು. ಮನೆಗೆ ಬಂದವರಿಗೆ ಬರೀ ‘ಹೋಗ್ರಿ’ ಅನ್ನುವುದುಂಟೇ? ಸಾಲ ಕೇಳಲು ಬಂದವನಿಗೂ ನಾವು ‘ಹೋಗಿ ಬರ್ರಿ’ ಅಂತಲೇ ಕೈ ಮುಗಿಯುತ್ತೇವೆ.

ನಾನು ದನಿ ತಗ್ಗಿಸಿ, ಪುಸ್ತಕದಲ್ಲಿದ್ದ ಬೈಲಹೊಂಗಲದ ನಂಬರಿಗೆ ಫೋನ್ ಹಚ್ಚಿದೆ. ಪುಸ್ತಕ ಬರೆದವರೇ ಎತ್ತಿದರು. ಅವಳ ಮನೆಯ ಗುರುತು ಯಾಕೆ ಹಾಕಿದಿರಿ ಅಂದೆ.

“ಪ್ರೀತೀಲೆ ಬರದೇನ್ರಿ ಮೇಡಮ್ಮಾರ. ಒಂದ ಸುಳ್ಳ ಐತೇನ ತೋರಸ್ರಿ ನೋಡೂಣು.”

ಇಲ್ಲ. ಒಂದೂ ಇಲ್ಲ. ಸುದ್ದಿಮನೆಯಲ್ಲಿ ನಮಗೆ ಮೊದಲು ಕಲಿಸುವುದು ‘ಇದು ನಿಜವೇ?’ ಎಂದು ಕೇಳುವುದನ್ನು. ‘ನಿಜ. ಆದರೆ ಯಾರಿಗೆ ಬೇಕು?’ ಎಂದು ಕೇಳುವುದನ್ನು ಬಹಳ ತಡವಾಗಿ ಕಲಿಯುತ್ತೇವೆ.

“ಗುರುವಾರದ ಸಾಲು ತೆಗೆಯಿರಿ,” ಅಂದೆ.

“ತಗೀತೇನ್ರಿ. ಇದ್ದ ಪ್ರತಿ ಖರ್ಚಾದ ಮ್ಯಾಲ.”

ಅಷ್ಟರಲ್ಲಿ ಹೊರಗಿನ ದನಿ ಬಾಗಿಲಿಗೆ ಇನ್ನೂ ಹತ್ತಿರ ಬಂತು. “ಅಕ್ಕಾರ, ಒಳಗ ಯಾರೋ ಮಾತಾಡಾಕತ್ತಾರಲ್ರಿ? ಇವತ್ತ ನೀವ ಒಬ್ರ ಇರ್ತೀರಿ ಅಂತ ಬುಕ್ಕಿನ್ಯಾಗ ಐತಿ.”

ಚಿಲಕ ಅಲುಗಿತು. ಇವಳು ಅದನ್ನು ಒತ್ತಿ ಹಿಡಿದಳು.

“ಹೋಗ್ರಿ,” ಅಂದಳು ಸುಮಿತ್ರಾ.

ಮುಂದಿನ ಪದಕ್ಕೆ ಅವನು ಕಾಯುತ್ತಿದ್ದ. ಅದು ಬರಲಿಲ್ಲ.

“ರೇಡಿಯೋದಾಗ ಹಿಂಗಿಲ್ಲಲ್ರಿ ನೀವು,” ಅಂದ ಕೊನೆಗೆ. ಚಪ್ಪಲಿ ಸದ್ದು ದೂರವಾಯಿತು. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆದೆವು. ಹೊಸ್ತಿಲ ಮೇಲೆ ಕರದಂಟಿನ ಪೊಟ್ಟಣವಿತ್ತು.

ಮರುದಿನ ಬೆಳಿಗ್ಗೆ ರೇಡಿಯೋ ಹಚ್ಚಿದೆ. ಕಾರ್ಯಕ್ರಮದ ಕೊನೆಗೆ, “ನಮಸ್ಕಾರ.” ಅಷ್ಟೇ.

ಹಿಂದೆಯೇ ಬೈಲಹೊಂಗಲದ ಫೋನು. “ಏನ್ರಿ ಮೇಡಮ್ಮಾರ, ಅಕ್ಕಾರಿಗೆ ಸೊಕ್ಕ ಬಂತೇನು? ಮನಿಗೆ ಬರ್ರಿ ಅನ್ನಲೇ ಇಲ್ಲಲ್ಲ!”

‘ಬರ್ರಿ’ ಅಂದದ್ದನ್ನು ವಿಳಾಸ ಸಮೇತ ಅಚ್ಚು ಹಾಕಿಸಿದವರು, ‘ಹೋಗ್ರಿ’ ಅಂದದ್ದನ್ನು ಯಾವ ಪುಟದಲ್ಲಿ ಹಾಕಿಸುತ್ತಾರೆ?