ಹೊನ್ನವ್ವನ ಸೀರೆಗೆ ಬಿಟ್ಟ ಜಾಗ

ಬ್ಯಾಡಗಿಯ ಹೊನ್ನವ್ವನಿಗೆ ಸಮುದ್ರವೆಂದರೆ ಒಂದು ಬಾಟಲಿ ನೀರು. ಗಂಡ ನಿಜಲಿಂಗಪ್ಪ ಬದುಕಿದ್ದಾಗ ಓಣಿಯವರ ಜೊತೆ ರಾಮೇಶ್ವರಕ್ಕೆ ಹೋಗಿದ್ದ. ಹೆಂಡತಿಗೆ ನೋಡಲಾಗಲಿಲ್ಲವಲ್ಲ ಎಂದು ಅಲ್ಲಿಂದ ತುಂಬಿಸಿಕೊಂಡು ತಂದಿದ್ದ. ಆಕೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು, "ಭಾಳ ಉಪ್ಪು ಐತಲ್ರಿ," ಎಂದು ನಕ್ಕಿದ್ದಳು. ನಗುವಾಗಲೇ ಹೊಟ್ಟೆ ಉರಿದಿತ್ತು.

ಹೋಗಬೇಡ ಎಂದು ಆಕೆಯನ್ನು ಯಾರೂ ತಡೆದವರಲ್ಲ. ಗಾಡಿ ಆಗಿಬರುತ್ತಿರಲಿಲ್ಲ, ಅಷ್ಟೆ. ಮದುವೆಯಾಗಿ ಕರ್ಜಗಿಯಿಂದ ಬಂದ ದಿನವೇ, ಹೂವಿನಿಂದ ಸಿಂಗರಿಸಿದ ಬಾಡಿಗೆ ಕಾರಿನಲ್ಲಿ, ಬೀಗರ ಎದುರಿಗೆ, ಹೊಸ ಸೀರೆಯ ಮೇಲೆ ವಾಂತಿ ಮಾಡಿಕೊಂಡವಳು. ಬೀಗರು ಅದನ್ನು ಎರಡು ತಲೆಮಾರು ನೆನಪಿಟ್ಟುಕೊಂಡರು. ಬೀಗರಿಗೆ ಬೇರೆ ಕೆಲಸವೇನಿರುತ್ತದೆ. ಅಂದಿನಿಂದ ಬಸ್ಸಾಗಲಿ ಜೀಪಾಗಲಿ, ಹತ್ತಿದರೆ ಅದೇ ಪಾಡು. ಮಗ, ಸೊಸೆ, ಮೊಮ್ಮಗಳು ರಜೆ ಬಂದಾಗ ಊರೂರು ತಿರುಗಿದರೆ, ಆಕೆ ಮನೆ ಕಾಯುತ್ತ, "ನನಗ ಇಲ್ಲೇ ಹಿತ," ಎನ್ನುತ್ತಿದ್ದಳು. ಅದು ಶುದ್ಧ ಸುಳ್ಳು. ಆಕೆಗೆ ಸಮುದ್ರ ನೋಡಬೇಕಿತ್ತು, ಅದೂ ಮೊಣಕಾಲು ಗಟ್ಟಿ ಇರುವಾಗಲೇ.

ಈ ಬೇಸಿಗೆಗೆ ಮಗ ಶಂಭುಲಿಂಗ ಕನ್ಯಾಕುಮಾರಿಯ ತನಕ ಕಾರಿನಲ್ಲೇ ಹೋಗುವುದೆಂದು ಗಟ್ಟಿ ಮಾಡಿದ.

"ಅವ್ವ, ಈ ಸಲ ನಿನ್ನ ಬಿಟ್ಟು ಹೋಗಂಗಿಲ್ಲ," ಎಂದ.

"ದಾರಿತುಂಬ ನನ್ನ ಸಲುವಾಗಿ ಗಾಡಿ ನಿಲ್ಲಿಸ್ಕೋತ ಹೋಗ್ತಿಯೇನು? ನೀವು ಹೋಗಿ ಬರ್ರಿ."

ವಾದ ನಡೆದು ನಡೆದು ಕೊನೆಗೆ ಒಂದು ಒಪ್ಪಂದವಾಯಿತು. ಹೊರಡುವ ಮೊದಲು ಹಾವೇರಿಯ ತನಕ ಹೋಗಿ ನೋಡುವುದು. ತಡೆದುಕೊಂಡರೆ ಹೊನ್ನವ್ವ ಹೊರಡಬೇಕು. ಇಲ್ಲವಾದರೆ ಇನ್ನೆಂದೂ ಈ ಮಾತು ಎತ್ತುವಂತಿಲ್ಲ. ಸೊಸೆ ಪುಷ್ಪಲತಾ ದೊಡ್ಡ ಬ್ಯಾಗಿನಲ್ಲಿ ಎಲ್ಲರ ಬಟ್ಟೆ ಜೋಡಿಸಿ ಒಂದು ಮೂಲೆ ಖಾಲಿ ಬಿಟ್ಟಳು.

"ಅತ್ತಿ, ಇದು ನಿಮ್ಮ ಸೀರಿಗೆ. ಕೊಡ್ರಿ, ಇಟ್ಟುಬಿಡ್ತೀನಿ."

"ಈಗ ಬ್ಯಾಡವಾ. ಇಟ್ಟು ಹೊಳ್ಳಿ ತಗಿಯೂದು ನನ್ನ ಕೈಲೆ ಆಗಂಗಿಲ್ಲ," ಎಂದಳು ಹೊನ್ನವ್ವ.

ಇನ್ನು ಆ ಕಾರಿನ ಸಂಗತಿ. ಶಂಭುಲಿಂಗನದು ಮೆಣಸಿನಕಾಯಿ ದಲಾಲಿ ಅಂಗಡಿ. ಕಾರು ಮನೆಯವರಿಗಿಂತ ಮೆಣಸಿನಕಾಯಿಯನ್ನೇ ಹೆಚ್ಚು ಹೊತ್ತು ತಿರುಗಿತ್ತು. ಎ.ಸಿ. ಹಾಕಿದರೆ ತಂಪಿಗಿಂತ ಮೊದಲು ಕೆಂಪು ದೂಳು ಬಂದು, ಕುಳಿತವರು ಸಾಲಾಗಿ ಸೀನುತ್ತಿದ್ದರು. ಹೀಗಾಗಿ ಪ್ರಯಾಣದ ತಯಾರಿ ಎಂದರೆ ಮೆಣಸಿನಕಾಯಿಯ ಮೇಲೆ ದಂಡೆತ್ತಿ ಹೋದಂತೆಯೇ ಆಯಿತು. ರಾಣೆಬೆನ್ನೂರಿನ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿದರು, ಬ್ರೇಕು ನೋಡಿದರು, ಸವೆದ ಟೈರು ತೆಗೆದು ಹೊಸವು ಹಾಕಿದರು. ಮೆಕ್ಯಾನಿಕ್ ದುರಗಪ್ಪ ಮೂಗಿಗೆ ಟವೆಲ್ ಕಟ್ಟಿಕೊಂಡು ಎ.ಸಿ.ಯ ಫಿಲ್ಟರ್ ಹೊರಗೆಳೆದವನು, "ಇದನ್ನ ಮನಿಗೆ ಒಯ್ರಿ ಸಾವಕಾರ್ರ, ಸಾರಿಗೆ ಆಗ್ತೈತಿ," ಎಂದ. ಸೀಟುಗಳನ್ನು ಸೋಪು ಹಾಕಿ ಉಜ್ಜಿ, ಒಣಗಿಸಿ, ಹೊಸ ಕವರು ತೊಡಿಸಿದ್ದಾಯಿತು. ಇಷ್ಟಕ್ಕೂ ಸಮಾಧಾನವಾಗದೆ ಶಂಭುಲಿಂಗ ಕನ್ನಡಿಗೊಂದು, ಎ.ಸಿ. ಕಿಂಡಿಗೊಂದು ಸೆಂಟಿನ ಬಾಟಲಿ ಸಿಕ್ಕಿಸಿದ. ಮಲ್ಲಿಗೆಯೋ ಅನಾನಸೋ ಹೇಳಲು ಬಾರದ ವಾಸನೆ. ಅವನಂತೂ ಆ ದಿನವೆಲ್ಲ ಕಾರಿನ ಸುತ್ತಲೇ ಸುಳಿದಾಡಿದ.

ಹಾವೇರಿಗೆ ಹೊರಟ ದಿನ ಹೊನ್ನವ್ವ ನಿಂಬೆಹಣ್ಣು ಹಿಡಿದು ಮುಂದಿನ ಸೀಟಿನಲ್ಲಿ ಕುಳಿತಳು. ಮೋಟೆಬೆನ್ನೂರು ಬರುವಷ್ಟರಲ್ಲಿ, "ನಿಲ್ಲಸೋ ಶಂಭು," ಎಂದಳು. ರಸ್ತೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತವಳ ಬೆನ್ನು ಸವರಿದ ಮಗ, ಕಾರನ್ನು ಮನೆಯ ಕಡೆಗೆ ತಿರುಗಿಸಿದ. ಹಾವೇರಿ ಹಾವೇರಿಯಲ್ಲೇ ಉಳಿಯಿತು. ಮನೆಗೆ ಬಂದವಳೇ, "ಆತಲ್ಲ, ಮಾತಂದ್ರ ಮಾತು," ಎಂದು ಅಡುಗೆಮನೆ ಸೇರಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅಳುವುದಕ್ಕೆ ಆಕೆಗೆ ಅಷ್ಟು ಮರೆ ಸಾಕಿತ್ತು.

ಮರುದಿನ ಮುಂಜಾನೆ ಚಿತ್ರಾನ್ನ ಮಾಡಲು ಹೋದಾಗ ನಿಂಬೆಹಣ್ಣು ಕಾರಿನಲ್ಲೇ ಉಳಿದದ್ದು ನೆನಪಾಯಿತು. ಮಗ ಅಂಗಡಿಗೆ ನಡೆದು ಹೋಗಿದ್ದ. ಹೊನ್ನವ್ವ ಅಂಗಳಕ್ಕೆ ಬಂದು ಕಾರಿನ ಬಾಗಿಲು ತೆರೆದು, ಒಳಗೆ ಕುಳಿತು, ಕಾಲ ಬಳಿ ತಡಕಾಡಿದಳು. ಹೊಟ್ಟೆ ತೊಳಸಿದಂತಾಯಿತು. ಗಡಬಡಿಸಿ ಹೊರಬಂದು ಸೆರಗಿನಿಂದ ಬಾಯಿ ಒತ್ತಿಕೊಂಡು ನಿಂತವಳಿಗೆ ಒಂದು ಸಂಶಯ ಹುಟ್ಟಿತು. ಗಾಡಿ ನಿಂತಲ್ಲೇ ನಿಂತಿದೆ. ಗಾಲಿ ಉರುಳಿಲ್ಲ, ತಗ್ಗಿಲ್ಲ, ತಿರುವಿಲ್ಲ. ಮತ್ತೆ ಇದು ಯಾಕೆ?

ಕನ್ನಡಿಗೆ ನೇತುಬಿದ್ದ ಬಾಟಲಿ ಬಿಸಿಲಿಗೆ ಕಾದು ನಾರುತ್ತಿತ್ತು. ಮದುವೆಯ ಕಾರಿನಲ್ಲೂ ಮಲ್ಲಿಗೆ ದಂಡೆಯ ಜೊತೆ ಯಾರೋ ಅತ್ತರು ಚಿಮುಕಿಸಿದ್ದರು. ಬಸ್ಸಿನಲ್ಲಿ ಡ್ರೈವರ್ ಹಚ್ಚುವ ಊದುಬತ್ತಿ. ಹೋದ ವರ್ಷ ತವರಿನ ತೊಟ್ಟಿಲ ಕಾರ್ಯಕ್ಕೆ ಕರ್ಜಗಿಗೆ ಹೋದದ್ದು ಇದೇ ಕಾರಿನಲ್ಲಿ, ಹಿಂದೆ ಎರಡು ಚೀಲ ಡಬ್ಬಿ ತಳಿಯ ಮೆಣಸಿನಕಾಯಿ ಹೇರಿಕೊಂಡು. ಅಂದೊಂದು ದಿನ ಮಾತ್ರ ಹೊಟ್ಟೆ ತಣ್ಣಗಿತ್ತು. ಎಲ್ಲರೂ ಆಕೆಯ ಕೈಯಲ್ಲಿದ್ದ ನಿಂಬೆಹಣ್ಣನ್ನು ಹೊಗಳಿದ್ದರು. ಪಾಪದ ನಿಂಬೆಹಣ್ಣು ಏನೂ ಮಾಡಿರಲಿಲ್ಲ. ಬ್ಯಾಡಗಿಗೆ ಬಂದಂದಿನಿಂದ ಹೊನ್ನವ್ವ ಮೆಣಸಿನಕಾಯಿ ಹರವಿ, ತೊಟ್ಟು ಬಿಡಿಸಿ, ಆ ಘಾಟಿನಲ್ಲೇ ಮಗನನ್ನು ಬೆಳೆಸಿದವಳು. ಆ ವಾಸನೆಯಿದ್ದರೆ ಆಕೆಗೆ ಮನೆಯಲ್ಲೇ ಇದ್ದಂತೆ.

ಎರಡೂ ಬಾಟಲಿ ಬಿಚ್ಚಿ ಬಚ್ಚಲಿನ ಕಿಟಕಿಯಲ್ಲಿಟ್ಟಳು. ಅಲ್ಲಿ ಅವಕ್ಕೆ ಕೆಲಸವಿತ್ತು. ಕಾರಿನ ಬಾಗಿಲುಗಳನ್ನೆಲ್ಲ ಹಗಲಿಡೀ ತೆರೆದಿಟ್ಟು ಗಾಳಿಯಾಡಿಸಿದಳು. ಆಮೇಲೆ ಒಂದು ಬೊಗಸೆ ಡಬ್ಬಿ ಮೆಣಸಿನಕಾಯಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಕನ್ನಡಿಗೆ ತೂಗುಹಾಕಿದಳು.

ಸಂಜೆ ಬಂದ ಶಂಭುಲಿಂಗ ತಲೆಯ ಮೇಲೆ ಕೈ ಹೊತ್ತ. "ವಾರಗಟ್ಟಲೆ ತೊಳದು ಹೊರಗ ಹಾಕೇನಿ. ಮತ್ತ ಅದನ್ನ ತಂದು ಕಟ್ಟಿಯಲ್ಲವ್ವ."

"ದೂಳು ಝಾಡಿಸೇನಿ. ಇಡೀ ಕಾಯಿ ಅದಾವ, ಯಾರೂ ಸೀನಂಗಿಲ್ಲ. ನಾಳೆ ಇನ್ನೊಮ್ಮೆ ಹೋಗಿ ನೋಡೂಣು, ರಾಣೆಬೆನ್ನೂರಿಗೆ."

"ಮಾತಂದ್ರ ಮಾತು ಅಂದಿದ್ದಿ."

"ಆ ಮಾತು ಹಾವೇರಿಗೆ ಆಡಿದ್ದು."

ಮರುದಿನ ಮೋಟೆಬೆನ್ನೂರು ಬಂತು. ಮೊನ್ನೆ ಕುಕ್ಕರಿಸಿದ್ದ ಜಾಗ ಕಿಟಕಿಯಲ್ಲಿ ಹಿಂದೆ ಸರಿಯಿತು. ಮಗನ ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಅವ್ವನ ಮೇಲೆ. ಹೆದ್ದಾರಿ ಹತ್ತಿದ ಮೇಲೆ ಹೊನ್ನವ್ವ ಮೊದಲು ಉಸಿರು ಬಿಗಿಹಿಡಿದಳು, ಆಮೇಲೆ ಬಿಟ್ಟಳು, ಆಮೇಲೆ ಹೊಲಗಳನ್ನು ನೋಡುತ್ತ ಮಾತಿಗೇ ಶುರುವಿಟ್ಟಳು. ರಾಣೆಬೆನ್ನೂರಿನ ಹತ್ತಿರ ಶಂಭುಲಿಂಗ ಊರೊಳಗೆ ತಿರುಗಲು ವೇಗ ಇಳಿಸಿದ.

"ಯಾಕ?" ಎಂದಳು.

"ಊರು ಬಂತಲ್ಲವ್ವ."

"ಕನ್ಯಾಕುಮಾರಿ ದಾರಿ ಇದ ಅಲ್ಲೇನು?"

"ಹೌದು, ಇದ."

"ಹಂಗಾರ ಇನ್ನೊಂದೀಟು ಹೊಡಿ."

ಹರಿಹರದ ಹತ್ತಿರ ತುಂಗಭದ್ರೆಯ ಸೇತುವೆ ದಾಟಿದ ಮೇಲೆ ಅವನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದ. ಬೇಸಿಗೆಯ ಹೊಳೆ ಸೊರಗಿತ್ತು, ಆದರೂ ಹರಿಯುತ್ತಿತ್ತು. ಹೊನ್ನವ್ವ ಕೆಳಗಿಳಿದು ಅದನ್ನೇ ನೋಡಿದಳು. ಆಕೆಯ ಕಣ್ಣು ತುಂಬಿತ್ತು, ಹೊಟ್ಟೆ ಮಾತ್ರ ತಣ್ಣಗಿತ್ತು. ಮಗನ ಫೋನು ಇಸಿದುಕೊಂಡು ಸೊಸೆಗೆ ಹಚ್ಚಿಸಿದಳು.

"ಪುಷ್ಪಾ, ನನ್ನ ಸೀರಿ ಬ್ಯಾಗಿಗೆ ಇಡವಾ."

"ಎಷ್ಟು ಇಡ್ಲಿ ಅತ್ತಿ?"

ಹೊನ್ನವ್ವ ಮತ್ತೊಮ್ಮೆ ಹೊಳೆಯ ಕಡೆ ನೋಡಿದಳು.

"ಒಂದು ಹೆಚ್ಚಿಗಿನ ಇಡು. ನೀರಾಗ ಇಳಿಯಾಕಿ ನಾನು."